ಮುಚ್ಚಳದೊಳಗಿನ ಅರಿಶಿನ ಚೀಟಿ

ಅಫ್ಸರ್ ಬಾನುವಿಗೆ ಮೂಗಿತ್ತು, ಮೂಗಿನಲ್ಲಿ ಕೆಂಪು ಹರಳಿನ ನತ್ತೂ ಇತ್ತು, ವಾಸನೆ ಮಾತ್ರ ತಿಳಿಯುತ್ತಿರಲಿಲ್ಲ. ಮಲ್ಲಿಗೆಯೂ ಸೀಮೆಎಣ್ಣೆಯೂ ಆಕೆಗೆ ಒಂದೇ. ಈ ಸಂಗತಿಯನ್ನು ಕಟ್ಟಿಕೊಂಡ ಗಂಡನಿಂದಲೇ ಹನ್ನೆರಡು ವರ್ಷ ಮುಚ್ಚಿಟ್ಟಿದ್ದಳು. ಮುಚ್ಚಿಟ್ಟದ್ದರಿಂದ ಏನಾಯಿತು ಅನ್ನುವುದನ್ನೂ, ಆಮೇಲೆ ಓದಿದ ದಡ್ಡನಾದ ನಾನು ನಡುವೆ ಕೈಹಾಕಿ ಏನು ಮಾಡಿದೆ ಅನ್ನುವುದನ್ನೂ ಬರೆಯಲು ಕೂತಿದ್ದೇನೆ.

ನನ್ನ ಹೆಸರು ನಾಗಭೂಷಣ. ತಿಪಟೂರಿನ ಒಂದು ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಕೆಮಿಸ್ಟ್ರಿ ಪಾಠ ಹೇಳಿದೆ. ಮೇಷ್ಟ್ರುಗಳಿಗೆ ಬರುವ ರೋಗಗಳೆಲ್ಲ ನನಗೂ ಬಂದವು: ಮೂಗಿನ ತುದಿಯಲ್ಲೇ ಸಿಟ್ಟು, ತಿಳಿಯದ್ದನ್ನೂ ತಿಳಿದವನಂತೆ ಹೇಳುವ ಚಟ, ಮತ್ತೆ ನನಗೆ ತಿಳಿದದ್ದು ಲೋಕಕ್ಕೆಲ್ಲ ತಿಳಿದೇ ಇರುತ್ತದೆ ಎಂಬ ಭ್ರಮೆ. ಮೊದಲೆರಡರಿಂದ ಯಾರಿಗೂ ಅಂಥ ನಷ್ಟವಾಗಲಿಲ್ಲ. ಮೂರನೆಯದು ಒಂದು ಮನೆಯನ್ನು ಕೆಡಿಸಿತು.

ಅಫ್ಸರ್ ಬಾನು ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯಲ್ಲಿ. ತಂದೆ ತೋಟದವರ ಮನೆಗಳಲ್ಲಿ ಕಾಯಿ ಸುಲಿಯುತ್ತಿದ್ದರು. ನಮ್ಮ ಕಡೆ ಕೊಬ್ಬರಿ ಆಗುವುದು ಬಿಸಿಲಿನಲ್ಲಲ್ಲ, ಅಟ್ಟದ ಮೇಲೆ; ಕಾಯನ್ನು ಅಟ್ಟಕ್ಕೇರಿಸಿ ವರ್ಷ ತುಂಬುವ ತನಕ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿ ತಾನಾಗಿ ಕರಟ ಬಿಡುತ್ತದೆ. ಹತ್ತು ವರ್ಷದ ಬಾನು ಅಪ್ಪನಿಗೆ ಬುತ್ತಿ ಕೊಡಲು ಹೋದವಳು ಅಟ್ಟದ ಏಣಿ ಹತ್ತಿದಳು. ಮೇಲಿನ ಮೆಟ್ಟಿಲು ಮುರಿದು ಬೆನ್ನ ಮೇಲೆ ಬಿದ್ದಳು, ತಲೆಯ ಹಿಂಭಾಗ ಚಪ್ಪಡಿ ಕಲ್ಲಿಗೆ ಬಡಿಯಿತು. ಎರಡು ದಿನ ಎಚ್ಚರವಿರಲಿಲ್ಲ. ಮೂರನೆಯ ದಿನ ಎದ್ದು ನೀರು ಕೇಳಿದಾಗ ಗಂಡಾಂತರ ಕಳೆಯಿತು ಅಂತ ಎಲ್ಲರೂ ಅಂದುಕೊಂಡರು. ತಿಂಗಳಾದ ಮೇಲೆ ಒಂದು ದಿನ ಒಲೆಯ ಮೇಲೆ ಹಾಲು ತಳ ಹಿಡಿದು ಬೀದಿಗೆಲ್ಲ ಸೀದ ವಾಸನೆ ಬರುತ್ತಿತ್ತು. ತಾಯಿ ಹಿತ್ತಲಿಂದ ಓಡಿಬಂದು ನೋಡಿದರೆ ಮಗಳು ಒಲೆಗೆ ಬೆನ್ನು ಹಾಕಿಕೊಂಡು ಅಕ್ಕಿ ಆರಿಸುತ್ತಾ ಕೂತಿದ್ದಳು.

ತಾಯಿ ಬೈಯಲಿಲ್ಲ. ಮಗಳನ್ನು ಹತ್ತಿರ ಕೂರಿಸಿಕೊಂಡು, ಇದನ್ನು ಯಾರಿಗೂ ಹೇಳಬೇಡ, ಸೀದದ್ದು ಹಳಸಿದ್ದು ಗೊತ್ತಾಗದ ಹುಡುಗಿಯನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ ಅಂದರು. ಅಂದಿನಿಂದ ಅಫ್ಸರ್ ಬಾನು ಕಣ್ಣು ಕಿವಿಯಲ್ಲೇ ಅಡುಗೆ ಕಲಿತಳು. ಎಣ್ಣೆ ಕಾದದ್ದು ಸದ್ದಿನಿಂದ, ಈರುಳ್ಳಿ ಬೆಂದದ್ದು ಬಣ್ಣದಿಂದ ತಿಳಿಯುತ್ತಿತ್ತು. ತಿಪಟೂರಿನ ಟೈಲರ್ ಖುದ್ದೂಸ್ ಸಾಹೇಬರನ್ನು ಮದುವೆಯಾಗಿ ಬಂದ ಮೇಲೆ ಇನ್ನೊಂದು ಉಪಾಯ ಹುಡುಕಿಕೊಂಡಳು. ಹೊಗಳಿಕೆ ಬಯಸುವವಳ ಹಾಗೆ, "ಸಾರು ಘಮ್ಮಂತೈತಾ?" ಅಂತ ಗಂಡನನ್ನೋ ಮಗಳನ್ನೋ ಕೇಳುವುದು. ಅವರು ಹೂಂ ಅಂದರೆ ಸರಿ, ಮುಖ ಕಿವುಚಿದರೆ ಪಾತ್ರೆ ಕೆಳಗಿಳಿಸುವುದು. ಖುದ್ದೂಸ್ ಸಾಹೇಬರು ಹೆಂಡತಿಗೆ ಹೊಗಳಿಸಿಕೊಳ್ಳುವ ಹುಚ್ಚು ಅಂತ ನಗುತ್ತಿದ್ದರು.

ತೊಂಬತ್ತೈದನೆಯ ಇಸವಿಯ ಬಕ್ರೀದ್ ಮೇ ತಿಂಗಳಲ್ಲಿ ಬಿತ್ತು. ಬಿಸಿಲೆಂದರೆ ಕೆಂಡ. ಖುದ್ದೂಸ್ ಸಾಹೇಬರಿಗೆ ಕುರಿ ಕೊಯ್ಯುವ ಶಕ್ತಿ ಇರಲಿಲ್ಲ. ಕುರ್ಬಾನಿ ಕೊಟ್ಟವರ ಮನೆಗಳಿಂದ ಪಾಲು ಬರುತ್ತಿತ್ತು, ಅದು ಆ ಹಬ್ಬದ ಪದ್ಧತಿ. ಹಬ್ಬದ ದಿನ ಬಂದದ್ದನ್ನೆಲ್ಲ ಅಂದೇ ಅಡುಗೆ ಮಾಡಿದ್ದಾಯಿತು. ಮಾರನೆಯ ದಿನ ಮಧ್ಯಾಹ್ನ ದೂರದ ನೆಂಟರೊಬ್ಬರು ಒಂದು ಪ್ಲಾಸ್ಟಿಕ್ ಕವರ್ ಕೊಟ್ಟುಹೋದರು. ಇವತ್ತು ಬಂದದ್ದು ಇವತ್ತಿನದೇ ಅಂತ ಅಫ್ಸರ್ ಬಾನು ತಿಳಿದಳು. ಅದು ಹಿಂದಿನ ದಿನ ಬೆಳಿಗ್ಗೆ ಕೊಯ್ದ ಮಾಂಸ, ಬಾಯಿ ಕಟ್ಟಿದ ಕವರಿನಲ್ಲಿ ಒಂದು ದಿನಕ್ಕೂ ಮೇಲೆ ಬೆಂದಿತ್ತು.

ಗಂಡ ಅರಸೀಕೆರೆಗೆ ಬಟ್ಟೆ ಕೊಡಲು ಹೋಗಿದ್ದರು. ಮನೆಯಲ್ಲಿ ಒಂಬತ್ತು ವರ್ಷದ ಮೆಹರೀನ್, ನಾಲ್ಕು ವರ್ಷದ ವಸೀಮ್. ಮನೆಯಲ್ಲಿ ಅವರ ಮಾತು ಉರ್ದು. ಆಕೆ ನನಗೆ ಹೇಳಿದ ಕನ್ನಡದಲ್ಲೇ ಬರೆಯುತ್ತೇನೆ.

"ಅಮ್ಮೀ, ನಾತ ಬತ್ತೈತೆ" ಅಂದಳು ಮೆಹರೀನ್, ತಟ್ಟೆ ದೂರ ಸರಿಸಿ.

"ಹಬ್ಬದ ಪಾಲು ಕಣೇ ಅದು. ಹಂಗೆಲ್ಲ ಅನ್ಬಾರ್ದು. ಸುಮ್ನೆ ತಿನ್ನು."

ಮೆಹರೀನ್ ತಿನ್ನಲಿಲ್ಲ. ತಾಯಿಗೆ ಒಳಗೊಳಗೇ ಹೆದರಿಕೆಯಾಯಿತಂತೆ, ಆದರೆ ಮಗಳ ಮಾತು ಒಪ್ಪಿದರೆ, ಅಷ್ಟು ನಾತ ತಿಳಿಯದೆ ಹೇಗೆ ಬೇಯಿಸಿದೆ ಅನ್ನುವ ಪ್ರಶ್ನೆ ಎದ್ದು ತನ್ನ ಗುಟ್ಟು ಆಚೆ ಬರುತ್ತದಲ್ಲ. ವಸೀಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಲಸಿ ಕಲಸಿ ಬಾಯಿಗಿಟ್ಟಳು. ತಾನೂ ಎರಡು ತುತ್ತು ತಿಂದಳು. ಸಂಜೆಯಿಂದ ಇಬ್ಬರಿಗೂ ವಾಂತಿ ಭೇದಿ. ಆಕೆ ಉಳಿದಳು. ಮಗು ಮಾರನೆಯ ದಿನ ಹನ್ನೆರಡು ಗಂಟೆಗೆ ಹೋಯಿತು.

ಆಗಲೇ ಗಂಡನ ಮುಂದೆ ಎಲ್ಲ ಹೇಳಿದ್ದು. ಖುದ್ದೂಸ್ ಸಾಹೇಬರು ಕೈಯೆತ್ತಲಿಲ್ಲ, ಕೂಗಾಡಲಿಲ್ಲ. "ನಂಗೊಂದು ಮಾತು ಹೇಳಿದ್ರೆ ನಾನು ಮೂಸಿ ಹೇಳ್ತಿರ್ಲಿಲ್ವಾ ಬಾನು" ಅಂದರಂತೆ, ಅಷ್ಟೆ. ಹೊಡೆದಿದ್ದರೆ ಚೆನ್ನಾಗಿತ್ತು ಸಾರ್, ಅಂತ ಆಕೆ ನನ್ನೆದುರು ಅತ್ತಿದ್ದಳು.

ಮೆಹರೀನ್ ಅಂದಿನಿಂದ ಅಮ್ಮ ಏನು ಕೊಟ್ಟರೂ ಮೂಸಿ ತಿನ್ನುತ್ತಿದ್ದಳು. ತಟ್ಟೆ ಎತ್ತಿ ಮೂಗಿನ ಹತ್ತಿರ ತರುವುದು, ಕೆಳಗಿಡುವುದು, ಆಮೇಲೆ ತುತ್ತು. ಒಂದು ಕ್ಷಣದ ಕೆಲಸ. ಆ ಕ್ಷಣ ಅಫ್ಸರ್ ಬಾನು ಗೋಡೆಯ ಕಡೆ ನೋಡುತ್ತಿದ್ದಳು. ತಾಯಿ ಕೈ ತುತ್ತಂತೂ ಮುಗಿದೇಹೋಯಿತು. ಮಗುವಿಗೆ ಸಿಟ್ಟಿರಲಿಲ್ಲ, ಭಯವಿತ್ತು. ಸಿಟ್ಟಾದರೆ ಇಳಿಯುತ್ತದೆ, ಭಯ ಹಾಗಲ್ಲ.

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯಲು ಆಕೆ ದಿನಗೂಲಿಗೆ ಸೇರಿದ್ದು ತೊಂಬತ್ತೇಳರಲ್ಲಿ. ಒಂದು ಮಾತಿಲ್ಲ, ಒಂದು ಟೆಸ್ಟ್‌ಟ್ಯೂಬ್ ಒಡೆದದ್ದಿಲ್ಲ. ಮಾರನೆಯ ವರ್ಷ ಒಂದು ದಿನ ಪ್ರಾಕ್ಟಿಕಲ್ ನಡೆಯುವಾಗ, ಕೊಳೆತ ಮೊಟ್ಟೆಯ ನಾತದ ಅನಿಲ ಬರುವ ಉಪಕರಣದ ಕೊಳವೆ ಕಳಚಿಕೊಂಡಿತು. ಹುಡುಗರು ಕರ್ಚೀಫು ಮುಚ್ಚಿಕೊಂಡು ಎದ್ದೆವೋ ಬಿದ್ದೆವೋ ಅಂತ ಓಡಿದರು. ನಮ್ಮ ಅಟೆಂಡರ್ ದುರ್ಗಯ್ಯ ಎಲ್ಲರಿಗಿಂತ ಮುಂದೆ. ನಾನು ಕಿಟಕಿ ತೆಗೆದು ತಿರುಗಿ ನೋಡಿದರೆ ಅಫ್ಸರ್ ಬಾನು ಮೂಲೆಯ ನಲ್ಲಿಯ ಕೆಳಗೆ ಬೀಕರ್ ತೊಳೆಯುತ್ತಾ ನಿಂತಿದ್ದಾಳೆ.

"ಬಾನಮ್ಮ, ವಿಷ ಕಣಮ್ಮ ಅದು, ಆಚೆ ನಡೀರಿ" ಅಂತ ಗದರಿದೆ.

"ಏನಾಯ್ತು ಸಾರ್?" ಅಂದಳು. ಮುಖದಲ್ಲಿ ಏನೂ ಇಲ್ಲ.

ಆಚೆ ಬೇವಿನ ಮರದ ಕಟ್ಟೆಯ ಮೇಲೆ ಕೂರಿಸಿ ಕೇಳಿದೆ. ಆವತ್ತು ಆಕೆ ಎಲ್ಲವನ್ನೂ ಹೇಳಿದಳು. ದುರ್ಗಯ್ಯ ಮರೆಯಲ್ಲಿ ನಿಂತು ಕೇಳಿ ಪಂಚೆಯಲ್ಲಿ ಕಣ್ಣೊರೆಸಿಕೊಂಡ. ಕೊನೆಗೆ ಆಕೆ ಅಂದದ್ದು ಇಷ್ಟು: "ಸತ್ತವನು ಬರಲ್ಲ ಸಾರ್. ನಾನು ಸಾಯೋದ್ರೊಳಗೆ ಒಂದ್ಸಲ ಮೆಹರೀನ್ ಮೂಸ್ದೆ ನನ್ ಕೈಲಿ ತುತ್ತು ತಿನ್ಬೇಕು. ಬ್ಯಾರೆ ಏನೂ ಬ್ಯಾಡ."

ಅದಾಗಿ ಒಂದೆರಡು ವಾರಕ್ಕೆ ಪಿಯುಸಿ ಮಕ್ಕಳಿಗೆ ಅಮೋನಿಯಾ ಪರೀಕ್ಷೆ ತೋರಿಸುತ್ತಿದ್ದೆ. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದವನ್ನು ಒದ್ದೆ ಮಾಡಿ ಟ್ಯೂಬಿನ ಬಾಯಿಗೆ ಹಿಡಿದರೆ ಹೊಮ್ಮುವ ಗಾಳಿಗೇ ಅದು ಕೆಂಪಾಗುತ್ತದೆ. ಆಕೆ ಕೈಯಲ್ಲಿ ಬ್ರಷ್ ಹಿಡಿದು ನಿಂತು ನೋಡಿದಳು. ಕ್ಲಾಸು ಮುಗಿದ ಮೇಲೆ ಹತ್ತಿರ ಬಂದಳು.

"ಅದು ಮುಟ್ಟದೆ ಗಾಳೀಲೇ ತಿಳ್ಕೊಂತಲ್ಲ ಸಾರ್. ಮಾಂಸ ಕೆಟ್ರೂ ಹಿಂಗೇ ಗಾಳಿ ಬತ್ತದಾ?"

ಬರುತ್ತದೆ. ಮಾಂಸ, ಮೀನು ಕೊಳೆಯುವಾಗ ಅಮೋನಿಯಾದ ಜಾತಿಯ ಅನಿಲಗಳೇ ಹೊರಡುವುದು. ಇಪ್ಪತ್ತು ವರ್ಷ ಆ ಪರೀಕ್ಷೆ ತೋರಿಸಿದ್ದ ನನಗೆ ಆ ಪ್ರಶ್ನೆ ಒಂದು ದಿನವೂ ಹೊಳೆದಿರಲಿಲ್ಲ.

ನಾವು ಲಿಂಗಾಯತರು, ಮಾಂಸ ಮುಟ್ಟಿದವರಲ್ಲ. ದುರ್ಗಯ್ಯ ತಂದುಕೊಟ್ಟ ಕುರಿಮಾಂಸದ ಚೂರುಗಳನ್ನು ಗಾಜಿನ ಭರಣಿಯಲ್ಲಿಟ್ಟು, ಮುಚ್ಚಳದೊಳಗೆ ಹಳದಿ ಕಾಗದ ಅಂಟಿಸಿ, ಗಂಟೆಗೊಮ್ಮೆ ಬಣ್ಣ ಬರೆದುಕೊಳ್ಳುತ್ತಾ ಕೂತೆ. ದುರ್ಗಯ್ಯ, "ಸಾರು ಕೊನೇಗೂ ನಮ್ ಜಾತಿಗೆ ಬಂದ್ರು" ಅಂತ ಊರೆಲ್ಲ ಹೇಳಿಕೊಂಡು ಬಂದ. ನನ್ನ ಹೆಂಡತಿ ಗುರುಶಾಂತಮ್ಮ ಹಿತ್ತಲಿನಲ್ಲಿ ಸ್ನಾನ ಮಾಡಿಸದೆ ಒಳಗೆ ಬಿಡುತ್ತಿರಲಿಲ್ಲ. ಕಾಗದ ನೆನೆದು ಹರಿಯುತ್ತದೆ ಅಂದಾಗ ಖುದ್ದೂಸ್ ಸಾಹೇಬರು ತೆಳು ಮಲ್ ಬಟ್ಟೆ ಕತ್ತರಿಸಿ, ಅಂಚು ಹೊಲಿದು, ಸಣ್ಣ ಸಣ್ಣ ಚೌಕ ಮಾಡಿಕೊಟ್ಟರು. ಅರಿಶಿನ ಕುಡಿಸಿ ಒಣಗಿಸಿದ ಆ ಚೌಕವನ್ನು ಮೈದಾ ಅಂಟಿನಿಂದ ಮುಚ್ಚಳದ ಒಳಗಡೆ ಅಂಟಿಸುವುದು. ಬಟ್ಟೆಯಾದರೂ ಅದಕ್ಕೆ ಚೀಟಿ ಅನ್ನುವ ಹೆಸರೇ ನಿಂತಿತು. ಒಳಗಿನ ಮಾಂಸ ಹಾದಿ ತಪ್ಪಿದರೆ ಚೀಟಿ ಹಳದಿಯಿಂದ ಕೆಂಪಿಗೆ ತಿರುಗುತ್ತಿತ್ತು. ಎಲ್ಲ ವಿಷಕ್ಕೂ ವಾಸನೆ ಇರುವುದಿಲ್ಲ, ಚೀಟಿ ಹಳದಿ ಇದ್ದ ಮಾತ್ರಕ್ಕೆ ಮೈಮರೆಯಬೇಡಿ ಅಂತ ಆಕೆಗೆ ಹೇಳಿದ್ದೆ. ಅಷ್ಟನ್ನಾದರೂ ಹೇಳಿದ್ದೆ.

ಎರಡು ಸಾವಿರದ ಮೂರರಲ್ಲಿ ಮೈಸೂರಿನಲ್ಲಿ ಆಹಾರದ ಪ್ಯಾಕಿಂಗ್ ಬಗ್ಗೆ ಮೂರು ದಿನದ ವಿಚಾರ ಸಂಕಿರಣ. ನಮ್ಮ ಚೀಟಿಯ ಮೇಲೆ ನಾಲ್ಕು ಪುಟ ಬರೆದು ಕಳಿಸಿದ್ದೆ, ಕರೆದರು. ಅಲ್ಲಿ ಕೇಳಿದ್ದೆಲ್ಲ ನನಗೆ ಹೊಸ ಲೋಕ. ಪೊಟ್ಟಣದೊಳಗಿನ ಆಮ್ಲಜನಕವನ್ನು ನುಂಗಿ ಎಣ್ಣೆ ಪದಾರ್ಥ ಕಮಟಾಗದಂತೆ ಕಾಯುವ ಕಬ್ಬಿಣದ ಪುಡಿಯ ಪುಟ್ಟ ಚೀಲ, ದಾರಿಯಲ್ಲಿ ಎಷ್ಟು ಹೊತ್ತು ಎಷ್ಟು ಬಿಸಿಲು ತಿಂದಿತು ಅನ್ನುವುದನ್ನು ಬಣ್ಣದಲ್ಲಿ ತೋರಿಸುವ ಗುರುತು, ಬೂಷ್ಟು ಬೆಳೆಯಗೊಡದ ಹಾಳೆ. ಮುಂದೆ ಪೊಟ್ಟಣವೇ ತನ್ನ ಆರೋಗ್ಯದ ಸುದ್ದಿಯನ್ನು ತಂತಿಯಿಲ್ಲದೆ ಅಂಗಡಿಯವನಿಗೆ ಕಳಿಸುತ್ತದೆ, ಗೋಧಿ ಜೋಳದ ಹಿಟ್ಟಿನಿಂದಲೇ ಹೊದಿಕೆ ಬರುತ್ತದೆ, ಹೂವು ಬೇರುಗಳ ಬಣ್ಣದಿಂದಲೇ ಗುರುತು ಬರುತ್ತದೆ ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಬೇರಿನ ಬಣ್ಣ ಅಂದಾಗ ನನ್ನ ಎದೆ ಎರಡಂಗುಲ ಉಬ್ಬಿತು, ಅದು ನಮ್ಮ ಅರಿಶಿನವೇ ತಾನೆ.

ನನ್ನ ಮಾತು ಮುಗಿದಾಗ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ವಿಜ್ಞಾನಿಯೊಬ್ಬರು ಎದ್ದು, "ಮಾಂಸ ಕೆಡದೆಯೂ ನಿಮ್ಮ ಚೀಟಿ ಕೆಂಪಾಗುವ ಸಂದರ್ಭ ಇದೆಯಾ? ಮನೆಯಲ್ಲಿರುವ ಬೇರೆ ಯಾವ ವಸ್ತು ತಾಗಿದರೆ ಹಾಗಾಗಬಹುದು, ನೋಡಿದ್ದೀರಾ?" ಅಂತ ಕೇಳಿದರು.

"ಮನೆ ಬಳಕೆಯಲ್ಲಿ ಅಂಥದ್ದೇನೂ ಬರುವುದಿಲ್ಲ ಸರ್" ಅಂದೆ. ಊಟದ ಹೊತ್ತಾಗಿತ್ತು. ಅವರು ತಲೆಯಾಡಿಸಿ ಕೂತರು.

ನಮ್ಮ ಮನೆಯಲ್ಲಿ ಮದುಮಕ್ಕಳಿಗೆ, ಬಾಣಂತಿಗೆ ಆರತಿ ಎತ್ತುವಾಗ ಗುರುಶಾಂತಮ್ಮ ತಟ್ಟೆಯಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕದಡುತ್ತಾಳೆ. ನೀರು ರಕ್ತದ ಹಾಗೆ ಕೆಂಪಾಗುತ್ತದೆ. ಇದು ನಮ್ಮ ಹಟ್ಟಿ ಹಟ್ಟಿಯ ಮಕ್ಕಳಿಗೂ ಗೊತ್ತು. ಅಫ್ಸರ್ ಬಾನುವಿನ ಮನೆಯಲ್ಲಿ ಆರತಿ ಎತ್ತುವ ಪದ್ಧತಿಯಿಲ್ಲ. ಆಕೆಗೆ ಅದು ಗೊತ್ತಿರಲು ಕಾರಣವೇ ಇಲ್ಲ ಅನ್ನುವುದು ನನಗೆ ಹೊಳೆಯಲಿಲ್ಲ.

ಮೈಸೂರಿಂದ ಬಂದವನೇ ಅವರ ಮನೆಗೆ ಹೋದೆ. ರೈಲ್ವೆ ಗೇಟಿನಾಚೆ ಗಲ್ಲಿಯ ಕೊನೆಯ ಮನೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು. ಚಪ್ಪಾಳೆಯ ಸುದ್ದಿ ಹೇಳಿದೆ. ಆಕೆಗೆ ಅದು ಬೇಕಿರಲಿಲ್ಲ.

"ಮೆಹರೀನ್‌ಗೆ ನೀವೇ ಒಂದು ಮಾತು ಹೇಳಿ ಸಾರ್. ನಾನು ಹೇಳಿದ್ರೆ ಅಮ್ಮ ಹಂಗೇ ಹೇಳ್ತಾನೇ ಇರ್ತಾಳೆ ಅಂತಾಳೆ."

ಮೆಹರೀನ್‌ಗೆ ಆಗ ಹದಿನೇಳು. ಬಾಗಿಲ ಪರದೆಯ ಪಕ್ಕ ನಿಂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, "ನೋಡಮ್ಮ, ದೊಡ್ಡ ದೊಡ್ಡ ವಿಜ್ಞಾನಿಗಳು ಒಪ್ಪಿದ್ದಾರೆ. ಈ ಚೀಟಿ ಸುಳ್ಳು ಹೇಳೋದಿಲ್ಲ. ಇನ್ನು ನೀನು ನೆಮ್ಮದಿಯಾಗಿ ಊಟ ಮಾಡು" ಅಂದೆ. ಹುಡುಗಿ ತಲೆಯಾಡಿಸಿದಳು. ವಾರ ಕಳೆದ ಮೇಲೆ ಅಫ್ಸರ್ ಬಾನು ಲ್ಯಾಬಿಗೆ ಬಂದವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಮೂಸೋದು ಬುಟ್ಟವಳೆ ಸಾರ್" ಅಂದಳು. ಅಷ್ಟು ವರ್ಷದಲ್ಲಿ ಆಕೆಯ ಹಲ್ಲು ನಾನು ಕಂಡದ್ದು ಆವತ್ತೇ. ಕೈ ತುತ್ತಿನ ಮಾತು ಮಾತ್ರ ಎತ್ತಲಿಲ್ಲ. ಬೆಳೆದ ಹುಡುಗಿ, ನಾಚಿಕೊಳ್ಳುತ್ತಾಳೆ, ಮದುವೆಯ ಊಟದ ದಿನ ತಿನ್ನಿಸುತ್ತೇನೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

ಎರಡು ವರ್ಷದ ಮೇಲೆ, ಏಪ್ರಿಲ್ ತಿಂಗಳಲ್ಲಿ, ಚಿಕ್ಕನಾಯಕನಹಳ್ಳಿಯಿಂದ ಗಂಡಿನ ಕಡೆಯವರು ಮಾತು ಮುಗಿಸಲು ಬರುವುದಾಯಿತು. ಹುಡುಗ ಮೆಕ್ಯಾನಿಕ್, ಒಳ್ಳೆಯವನು, ಹುಡುಗಿಗೂ ಒಪ್ಪಿಗೆ. ಹನ್ನೆರಡು ಜನಕ್ಕೆ ಬಿರಿಯಾನಿ. ಖುದ್ದೂಸ್ ಸಾಹೇಬರು ಅಡುಗೆಯವನನ್ನು ಕರೆಸೋಣ ಅಂದರೂ ಅಫ್ಸರ್ ಬಾನು ಕೇಳಲಿಲ್ಲ. ಮಗಳ ನಿಶ್ಚಯದ ಅಡುಗೆ ತನ್ನ ಕೈಯದ್ದೇ ಆಗಬೇಕು ಅಂತ ಹಟ. ನನಗೂ ಕರೆ ಬಂದಿತ್ತು, ನನ್ನ ಪಾಲಿಗೆ ಹಣ್ಣು ಮೊಸರು. ಆದರೆ ಆವತ್ತು ಪರೀಕ್ಷೆಯ ಡ್ಯೂಟಿ ಬಿದ್ದು ನಾನು ಹೊರಟಾಗ ಎರಡು ಗಂಟೆ. ಮುಂದಿನದನ್ನು ಖುದ್ದೂಸ್ ಸಾಹೇಬರ ಬಾಯಿಂದ ಕೇಳಿದ್ದೇನೆ.

ಬೆಳಿಗ್ಗೆ ಆರಕ್ಕೆ ತಂದ ಮಾಂಸವನ್ನು ತೊಳೆದು ದೊಡ್ಡ ಪಾತ್ರೆಯಲ್ಲಿಟ್ಟು, ಚೀಟಿ ಅಂಟಿಸಿದ ತಟ್ಟೆ ಮುಚ್ಚಿದ್ದಳು. ಬೀಗರು ಹತ್ತು ಗಂಟೆಗೇ ಬಂದುಬಿಟ್ಟರು. ಹುಡುಗನ ಅಜ್ಜಿಗೆ ಎಲೆ ಅಡಿಕೆ ಬೇಕಾಯಿತು. ಮೆಹರೀನ್ ಕೂತು ಎಲೆಗಳಿಗೆ ಸುಣ್ಣ ಹಚ್ಚಿ ಮಡಿಸಿ ಕೊಟ್ಟಳು. ಹನ್ನೊಂದಕ್ಕೆ ಮಸಾಲೆ ಬೆಂದು ಮಾಂಸ ಹಾಕುವ ಹೊತ್ತಿಗೆ ಅಫ್ಸರ್ ಬಾನು ತಟ್ಟೆ ತೆಗೆದು ತಿರುಗಿಸಿ ನೋಡಿದರೆ ಚೀಟಿಯಲ್ಲಿ ಕೆಂಪು.

ಆಕೆ ಅಲ್ಲೇ ಕುಸಿದು ಕೂತಳಂತೆ. ಮೆಹರೀನ್ ಓಡಿಬಂದು ಪಾತ್ರೆಗೆ ಬಗ್ಗಿ, "ಚೆನ್ನಾಗೈತೆ ಅಮ್ಮೀ, ಏನೂ ಆಗಿಲ್ಲ, ನಾನು ಹೇಳ್ತೀನಲ್ಲ" ಅಂದಳು. ಖುದ್ದೂಸ್ ಸಾಹೇಬರೂ ಮೂಸಿ ಅದನ್ನೇ ಹೇಳಿದರು.

"ನಿಮ್ಗೇನು ಗೊತ್ತು. ಚೀಟಿ ಸುಳ್ಳು ಹೇಳಲ್ಲ. ಇನ್ನೊಬ್ಬರ ಮಗೂನ ನನ್ ಕೈಯಾರ ಸಾಯ್ಸಲ್ಲ ನಾನು."

ಗಂಡ ಮಗಳು ಹಿಡಿದರೂ ಬಿಡಿಸಿ, ಪಾತ್ರೆಯನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ತಿಪ್ಪೆಗುಂಡಿಗೆ ಸುರಿದು, ನಾಯಿ ತಿನ್ನಬಾರದೆಂದು ಮೇಲೆ ಸೀಮೆಎಣ್ಣೆ ಹೊಯ್ದಳು. ಬೀಗರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನಮ್ಮ ಇದು ಅಂತ ಅಜ್ಜಿ ಕೇಳಿದಾಗ, ಹತ್ತನೇ ವಯಸ್ಸಿನಿಂದ ತನಗೆ ವಾಸನೆ ತಿಳಿಯದು ಅಂತಲೂ, ವಸೀಮ್ ಹೇಗೆ ಹೋದ ಅಂತಲೂ ಅಫ್ಸರ್ ಬಾನು ಅವರೆದುರು ಹೇಳಿದಳು. ಒಮ್ಮೆ ಮುಚ್ಚಿಟ್ಟು ಮಗನನ್ನು ಕಳಕೊಂಡಿದ್ದವಳು ಇನ್ನೊಮ್ಮೆ ಮುಚ್ಚಿಡಲಿಲ್ಲ. ಬೀಗರು ಒಳ್ಳೆಯ ಜನವೇ, ಯಾರೂ ಒರಟು ಮಾತಾಡಲಿಲ್ಲ. ಹೋಟೆಲಿಂದ ತರಿಸಿದ ಪೂರಿಯನ್ನು ಮುರಿದಂತೆ ಮಾಡಿ ಒಂದು ಗಂಟೆಯ ಬಸ್ಸಿಗೆ ಹೊರಟರು. ವಾರದೊಳಗೆ ಬೇರೆ ಕಡೆ ನೋಡಿಕೊಳ್ಳಿ ಅಂತ ಹೇಳಿಕಳಿಸಿದರು.

ನಾನು ಬಾಳೆಹಣ್ಣಿನ ಚಿಪ್ಪು ಹಿಡಿದು ಹೋದಾಗ ಮನೆಯಲ್ಲಿ ಮೂವರೇ ಇದ್ದರು. ಖುದ್ದೂಸ್ ಸಾಹೇಬರು ನಡೆದದ್ದನ್ನು ಹೇಳಿದರು. ಅಡುಗೆಮನೆಯ ನೆಲದ ಮೇಲೆ ಆ ತಟ್ಟೆ ಬೋರಲಾಗಿ ಬಿದ್ದಿತ್ತು. ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಕೆಟ್ಟ ಮಾಂಸದ ಗಾಳಿಯಾಗಿದ್ದರೆ ಚೌಕವೆಲ್ಲ ಒಂದೇ ಸಮ ಕೆಂಪಾಗಬೇಕು, ಬಯಲಿಗಿಟ್ಟ ಸ್ವಲ್ಪ ಹೊತ್ತಿಗೆ ಬಣ್ಣ ಇಳಿಯಬೇಕು. ಇಲ್ಲಿ ಮುಕ್ಕಾಲು ಚೌಕ ಹಳದಿಯಾಗೇ ಇತ್ತು. ಅಂಚಿನಲ್ಲಿ ಮಾತ್ರ ಗಾಢ ಕೆಂಪು, ಒದ್ದೆಯಲ್ಲಿ ಹರಡಿ ಒಣಗಿತ್ತು, ನಡುವೆ ಬಿಳಿ ಪುಡಿ. ಎರಡು ಬೆರಳಿನ ಗುರುತು.

ಅಲ್ಲಿ ಬಾಯಿ ಮುಚ್ಚಿಕೊಂಡು, ಚೀಟಿ ಕಿತ್ತು ಜೇಬಿಗಿಟ್ಟುಕೊಂಡು ಬಂದಿದ್ದರೆ ನಾನು ಮನುಷ್ಯ. ಮೇಷ್ಟ್ರು ನೋಡಿ, ಸರಿಯುತ್ತರ ಸಿಕ್ಕಿತಲ್ಲ ಅಂತ ಬಾಯಿ ತಾನೇ ತೆರೆಯಿತು.

"ಇದು ಮಾಂಸದ ಕೆಂಪಲ್ಲ ಬಾನಮ್ಮ. ಸುಣ್ಣದ್ದು. ಅರಿಶಿನಕ್ಕೆ ಸುಣ್ಣ ತಾಗಿದ್ರೆ ಹೀಗಾಗುತ್ತೆ. ಎಲೆಗೆ ಸುಣ್ಣ ಹಚ್ಚಿದ ಕೈಯಲ್ಲಿ ಯಾರೋ ತಟ್ಟೆ ಎತ್ತಿದ್ದಾರೆ."

ಎಲೆಗೆ ಸುಣ್ಣ ಹಚ್ಚಿದವಳು ಒಬ್ಬಳೇ. ನಾನು ಅದನ್ನು ಹೇಳಿ ಮುಗಿಸಿದ ಮೇಲೆಯೇ ನನಗೆ ಅರ್ಥವಾದದ್ದು. ಅಫ್ಸರ್ ಬಾನು ಮಗಳ ಬಲಗೈ ನೋಡಿದಳು. ತೋರುಬೆರಳಿನ ಉಗುರಿನ ಸಂದಿಯಲ್ಲಿ ಇನ್ನೂ ಬೆಳ್ಳಗಿತ್ತು.

"ಮೂಸಕ್ಕೆ ತಗ್ದಿದ್ಯಾ?"

ಮೆಹರೀನ್ ಆ ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡಳು.

"ಯಾವಾಗ್ನಿಂದ?"

"ಯಾವತ್ತೂ ಬುಟ್ಟೇ ಇರ್ಲಿಲ್ಲ ಅಮ್ಮೀ" ಅಂದಳು ಮೆಹರೀನ್. "ನೀನು ನೀರಿಗೆ ಹೋದಾಗ ನೋಡ್ತಿದ್ದೆ. ನಿಂಗೆ ಬೇಜಾರಾಗ್ಬಾರ್ದು ಅಂತ."

ಅಫ್ಸರ್ ಬಾನು ಬೈಯಲಿಲ್ಲ, ಅಳಲೂ ಇಲ್ಲ. ಮಗಳ ತಲೆ ನೇವರಿಸಿ, ಒಲೆಯ ಮೇಲೆ ಉಳಿದಿದ್ದ ಮಸಾಲೆಯನ್ನು ಕೆಳಗಿಳಿಸಿ, ಬೆಂಕಿಗೆ ನೀರು ಹಾಕಿದಳು. ನಾನು ಹಣ್ಣಿನ ಚಿಪ್ಪನ್ನು ಮೆಷಿನ್ನಿನ ಮೇಲಿಟ್ಟು ಬಂದುಬಿಟ್ಟೆ. ದಾರಿಯುದ್ದಕ್ಕೂ ನನ್ನ ಬಾಯಿಯನ್ನು ನಾನೇ ಶಪಿಸಿಕೊಂಡೆ.

ಮನೆಯಲ್ಲಿ ಗುರುಶಾಂತಮ್ಮನಿಗೆ ಹೇಳಿದರೆ, ಅವಳು, "ಅಷ್ಟು ವರ್ಷ ನಮ್ಮನೇಲಿ ಅರಿಶಿನ ಕುದಿಸಿದ್ರಿ. ಒಂದು ಮಾತು ನನ್ನ ಕೇಳಿದ್ರೆ ಹೇಳ್ತಿದ್ನಲ್ರೀ" ಅಂದಳು. ಮೈಸೂರಿನ ಆ ಹಿರಿಯರಿಗೆ ಕಾಗದ ಬರೆದೆ: ತಾವು ಕೇಳಿದ ಪ್ರಶ್ನೆಗೆ ಉತ್ತರ ಸುಣ್ಣ, ತಡವಾಯಿತು, ಕ್ಷಮಿಸಿ. ಕಾಗದ ತಲುಪಿತು, ಮಾಹಿತಿಗೆ ಧನ್ಯವಾದ ಅಂತ ಒಂದು ಕಾರ್ಡು ಬಂತು.

ಈ ವಿಷಯದ ಲೇಖನಗಳನ್ನು ನಾನು ಈಗಲೂ ತರಿಸಿ ಓದುತ್ತೇನೆ. ಅರಿಶಿನ, ದಾಸವಾಳ, ಕೆಂಪು ಕೋಸು ಎಲ್ಲದರಿಂದಲೂ ಜಾಣ ಪೊಟ್ಟಣಕ್ಕೆ ಗುರುತು ಮಾಡುತ್ತಿದ್ದಾರೆ, ನನಗಿಂತ ಬುದ್ಧಿವಂತರು. ಮಾಡಲಿ, ಬೇಕಾದ ಕೆಲಸ. ಲೇಖನದ ಕೊನೆಯಲ್ಲಿ ಮುಂದಿನ ದಾರಿ ಅಂತ ಒಂದು ಭಾಗ ಇರುತ್ತದೆ. ಬಳಸುವವರ ಮನೆಯಲ್ಲಿ ಪ್ರಯೋಗಗಳು ನಡೆಯಬೇಕು ಅಂತ ಅದರಲ್ಲಿ ಒಂದು ಸಾಲು ತಪ್ಪದೆ ಬರೆಯುತ್ತಾರೆ. ಆ ಸಾಲು ಬಂದಾಗ ನಾನು ಪುಸ್ತಕ ಮುಚ್ಚಿಡುತ್ತೇನೆ.

ಬೀಗರು ಎದ್ದುಹೋದ ಮಾರನೆಯ ದಿನದಿಂದ ಅಫ್ಸರ್ ಬಾನು ಒಲೆ ಮುಟ್ಟಲಿಲ್ಲ. ಅಡುಗೆಯೆಲ್ಲ ಮೆಹರೀನ್‌ದೇ. ಎರಡು ವರ್ಷದ ಮೇಲೆ ಅವಳಿಗೆ ಕಿಬ್ಬನಹಳ್ಳಿಯ ಟೈರ್ ಅಂಗಡಿಯವನೊಬ್ಬನ ಜೊತೆ ಮದುವೆಯಾಯಿತು, ಊಟ ಹೊರಗಿನವರಿಂದ ಬಂತು. ಮೆಹರೀನ್ ವಾರಕ್ಕೊಮ್ಮೆ ಬಂದು, "ಇವತ್ತು ನೀನು ಮಾಡು ಅಮ್ಮೀ, ನಂಗೆ ನಿನ್ ಸಾರು ಬೇಕು" ಅಂತ ಕೇಳುತ್ತಿದ್ದಳಂತೆ. "ಬುಡು ಮಗಾ, ಆಗಾಕಿಲ್ಲ" ಅನ್ನುವುದು ಆಕೆಯ ಉತ್ತರ. ಲ್ಯಾಬಿಗೆ ಮಾತ್ರ ಬರುತ್ತಿದ್ದಳು. ನನ್ನ ಮೇಲೆ ಕೋಪ ತೋರಿಸಲಿಲ್ಲ, ಅದೇ ನನಗೆ ಶಿಕ್ಷೆ.

ಎರಡು ಸಾವಿರದ ಒಂಬತ್ತರಲ್ಲಿ ಅಫ್ಸರ್ ಬಾನುವಿಗೆ ಹೊಟ್ಟೆಯ ಕ್ಯಾನ್ಸರ್ ಅಂದರು. ಕೊನೆಯ ತಿಂಗಳು ಮೆಹರೀನ್ ಬಂದು ಅಲ್ಲೇ ಉಳಿದಳು. ಒಂದು ಮಧ್ಯಾಹ್ನ ನಾನು ನೋಡಲು ಹೋಗಿದ್ದೆ. ಆಕೆ ಗೋಡೆಗೆ ಒರಗಿ ಕೂತಿದ್ದಳು, ನತ್ತು ಬಿಚ್ಚಿಸಿದ್ದರು. ಮೆಹರೀನ್ ಆಗಷ್ಟೇ ಮಾಡಿದ ಅನ್ನ ಬೇಳೆ ಸಾರು ತಟ್ಟೆಯಲ್ಲಿ ತಂದು ತಾಯಿಯ ಮುಂದೆ ಕೂತಳು. ತಿನ್ನಿಸುತ್ತಾಳೆ ಅಂದುಕೊಂಡೆ. ಅವಳು ತಾಯಿಯ ಬಲಗೈ ಹಿಡಿದು ಅನ್ನದ ಮೇಲಿಟ್ಟಳು.

"ಅಮ್ಮೀ, ಒಂದು ತುತ್ತು ನಂಗೆ ತಿನ್ಸು. ನಾನು ಮೂಸಲ್ಲ."

ಅಫ್ಸರ್ ಬಾನು ಮಗಳ ಮುಖ ನೋಡಿದಳು. ಬೆರಳುಗಳು ನಿಧಾನವಾಗಿ ಅನ್ನ ಕಲಸಿದವು, ತುತ್ತು ಮಾಡಿದವು. ಕೈ ಎತ್ತಿದಳು. ಮೆಹರೀನ್ ಕಣ್ಣು ಮುಚ್ಚಿ ಬಾಯಿ ತೆರೆದಳು. ಆ ಕೈ ಮಗಳ ಬಾಯಿಯ ಹತ್ತಿರ ಹೋಗಿ ನಿಂತಿತು, ಹಿಂದಕ್ಕೆ ಬಂತು. ಅಫ್ಸರ್ ಬಾನು ತುತ್ತನ್ನು ತನ್ನ ಮೂಗಿನ ಹತ್ತಿರ ಹಿಡಿದು, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ಆಮೇಲೆ ತುತ್ತನ್ನು ತಟ್ಟೆಗೆ ಹಾಕಿದಳು.

"ನಂಗೆ ಗೊತ್ತಾಗ್ತಿಲ್ಲ ಮಗಾ" ಅಂದಳು. "ನೀನೇ ತಿನ್ನು."

ಮೆಹರೀನ್ ಆ ತಟ್ಟೆಯ ಅನ್ನವನ್ನೆಲ್ಲ ಅಲ್ಲೇ ಕೂತು ಅಳುತ್ತಾ ತಿಂದಳು, ತನ್ನದೇ ಕೈಯಿಂದ.